ಎಡಗಾಲಿಗೆ ಹೊಸ ಕ್ಲಚ್ಚು

ಡ್ರೈವಿಂಗ್ ಪರೀಕ್ಷೆಯ ಹಿಂದಿನ ದಿನ ಯಾರಾದರೂ ಕಾರಿಗೆ ಹೊಸ ಕ್ಲಚ್ಚು ಹಾಕಿಸುತ್ತಾರೆಯೇ? ನನ್ನ ಗಂಡ ಪರಮೇಶ್ವರಪ್ಪನವರು ಹಾಕಿಸಿದರು. ಅದೂ ನನ್ನ ಮೇಲಿನ ಪ್ರೀತಿಯಿಂದ. ಪ್ರೀತಿ ಮಾಡುವವರಿಗೂ ಒಂದು ಹೊತ್ತುಗೊತ್ತು ಬೇಡವೇ? ಬೆಳಿಗ್ಗೆ ಕಾರು ಹತ್ತಿ ಪೆಡಲಿನ ಮೇಲೆ ಎಡಗಾಲು ಇಟ್ಟ ಕೂಡಲೇ ನನಗೆ ಗೊತ್ತಾಯಿತು, ಇದು ನಾನು ಪಳಗಿಸಿಕೊಂಡಿದ್ದ ಗಾಡಿಯಲ್ಲ.

ಹಳೆಯ ಕ್ಲಚ್ಚು ಸವೆದುಹೋಗಿತ್ತು, ನಿಜ. ಕಾಲನ್ನು ಪೂರ್ತಿ ಎತ್ತಿ, ಇನ್ನೇನು ಪೆಡಲು ಬಿಟ್ಟೇಬಿಟ್ಟೆ ಎನ್ನುವಾಗ ಎಲ್ಲೋ ತುದಿಯಲ್ಲಿ ಮೆತ್ತಗೆ ಹಿಡಿಯುತ್ತಿತ್ತು. ಏರು ಬಂದರೆ ಎಂಜಿನ್ನು ಕೂಗಾಡುತ್ತಿತ್ತೇ ಹೊರತು ಗಾಡಿ ಮುಂದಕ್ಕೆ ಹೋಗಲು ಮೀನಮೇಷ ಎಣಿಸುತ್ತಿತ್ತು. ಆದರೂ ಅದರ ಸೋಮಾರಿತನ ನನಗೆ ಒಗ್ಗಿತ್ತು. ವಿದ್ಯಾನಗರದ ಕಡೆಯ ಖಾಲಿ ಬಯಲಿನಲ್ಲಿ, ಜನ ಏಳುವ ಮೊದಲೇ ಹೋಗಿ, ಬೇಸಿಗೆಯಿಡೀ ಅದರ ಮೇಲೆಯೇ ಕಲಿತಿದ್ದೆ. ಹೊಸದು ಹಾಗಲ್ಲ. ಪೆಡಲು ಬಿಗಿ. ಕಾಲನ್ನು ನೆಲದಿಂದ ಚೂರು ಎತ್ತುವಷ್ಟರಲ್ಲೇ ಗಬಕ್ಕನೆ ಹಿಡಿಯುತ್ತದೆ, ಗಾಡಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಆ ನಡುಕ ಅಂಗಾಲಿನಿಂದ ಹತ್ತಿ ಮೊಣಕಾಲಿಗೆ ಬರುತ್ತದೆ. ಅಂಗಳದಿಂದ ಬೀದಿಗೆ ಇಳಿಸುವಷ್ಟರಲ್ಲಿ ಎಂಜಿನ್ನು ಎರಡು ಸಲ ನಿಂತುಹೋಯಿತು.

ಕ್ಲಚ್ಚು ಹಾಕಿದ ಮೆಕ್ಯಾನಿಕ್ ರೌಫ್ ಅಲ್ಲೇ ನಿಂತಿದ್ದ.

"ಅಮ್ಮಾರೆ, ಹೊಸಾ ಪ್ಲೇಟು ಹಿಂಗೇನೆ. ಕಾಲಿಗೆ ಕೂಡಾಕ ನಾಕು ದಿನ ಬೇಕು," ಎಂದ.

"ನಾಕು ದಿನ ಎಲ್ಲಿಂದ ತರ್ಲಿ ರೌಫ್? ಪರೀಕ್ಷೆ ಇವತ್ತೈತೆ," ಎಂದೆ. ಅವನ ಮೇಲೆ ರೇಗಿ ಏನು ಫಲ? ಅವನು ಕೆಲಸ ಮಾಡಿದ್ದ, ಮೈಗೆಲ್ಲ ಮಸಿ ಮಾಡಿಕೊಂಡು ನಿಂತಿದ್ದ. ಆದರೆ ನನ್ನ ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಿತ್ತು.

ಅರವತ್ತೊಂದನೇ ಇಸವಿಯ ಮಾತು ಇದು. ದಾವಣಗೆರೆಯಲ್ಲಿ ಕಾರಿದ್ದ ಮನೆಗಳ ಹೆಂಗಸರು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದ ಕಾಲ. ನಾನು ಸ್ಟೇರಿಂಗ್ ಹಿಡಿದದ್ದು ಶೋಕಿಗಲ್ಲ. ನನ್ನ ಗಂಡನ ಕಣ್ಣು ಮಂಜಾಗುತ್ತಾ ಬಂದಿತ್ತು. ಇವರಿಗೆ ನೆಟ್ಟಗೆ ಎದುರಿಗಿದ್ದದ್ದು ಒಂದಿಷ್ಟು ಕಾಣುತ್ತಿತ್ತು, ಪಕ್ಕದ್ದು ಏನೇನೂ ಕಾಣುತ್ತಿರಲಿಲ್ಲ. ಕೇಳಿದರೆ ಧೂಳು ಎನ್ನುತ್ತಿದ್ದರು, ಬಿಸಿಲು ಎನ್ನುತ್ತಿದ್ದರು. ಹತ್ತಿ ಖರೀದಿಗೆ ಹಳ್ಳಿ ಹಳ್ಳಿ ತಿರುಗುವ ಮನುಷ್ಯ. ಕಣ್ಣಿಲ್ಲ ಎಂದು ಒಪ್ಪಿಕೊಂಡರೆ ವ್ಯಾಪಾರವೂ ಮರ್ಯಾದೆಯೂ ಒಟ್ಟಿಗೆ ಹೋಗುತ್ತವೆ ಎಂಬ ಹೆದರಿಕೆ. ಡ್ರೈವರನ್ನು ಇಡೋಣ ಎಂದರೆ, "ನನ್ನ ಗಾಡಿ ಪರರ ಕೈಗೆ ಕೊಡಂಗಿಲ್ಲ," ಎಂದು ಗುಡುಗುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕೊಕ್ಕನೂರಿನಿಂದ ಬರುತ್ತಿದ್ದೆವು. ಹರಿಹರ ದಾಟಿ ಪೂನಾ ರಸ್ತೆಗೆ ಬಿದ್ದಿದ್ದೆವು. ಗೋಣೆಪ್ಪ ಎಂಬ ರೈತನ ಎತ್ತಿನ ಗಾಡಿ ರಸ್ತೆಯ ಎಡಗಡೆ ಹೋಗುತ್ತಿತ್ತು. ನನಗೆ ಎತ್ತುಗಳ ಬಾಲ ಕೂಡ ಕಾಣುತ್ತಿದೆ, ಇವರು ಮಾತ್ರ ನೆಟ್ಟಗೆ ಅದರ ಮೇಲೆಯೇ ಹೋಗುತ್ತಿದ್ದಾರೆ! ನಾನು ಕಿರುಚಿ ಸ್ಟೇರಿಂಗ್ ಎಳೆದೆ. ಎತ್ತಿನ ಕೊಂಬು ನಮ್ಮ ಬಾಗಿಲನ್ನು ಉದ್ದಕ್ಕೂ ಗೀರಿತು. ಎತ್ತು ಉಳಿಯಿತು, ಗೋಣೆಪ್ಪ ಉಳಿದ. ಮನೆಗೆ ಬಂದು ಇಬ್ಬರೂ ಅತ್ತೆಯ ಮುಂದೆ, ಗೋಡೆ ತಾಗಿತು ಎಂದೆವು.

ಅದರ ಮರುದಿನವೇ ನಾನು ಹಟ ಹಿಡಿದೆ, ನನಗೆ ಕಲಿಸಿ ಎಂದು. ಇವರು ಒಂದು ಷರತ್ತು ಹಾಕಿ ಒಪ್ಪಿದರು.

"ಒಂದೇ ಸಲ ಪರೀಕ್ಷೆ. ಪಾಸಾದ್ರೆ ಇನ್ಮೇಲೆ ನೀನೇ ಓಡ್ಸು. ಆಗ್ಲಿಲ್ಲ ಅಂದ್ರೆ ಸ್ಟೇರಿಂಗ್ ನನ್ನ ಕೈಗೆ ಬಂತು. ಆಮ್ಯಾಲೆ ಕಣ್ಣು ಗಿಣ್ಣು ಅಂತ ಬಾಯಿ ತೆಗೀಬಾರದು."

ನಾನು ಹೂಂ ಎಂದಿದ್ದೆ. ಬೇರೆ ದಾರಿ ಏನಿತ್ತು? ಆದ್ದರಿಂದ ಆ ದಿನ ನಾನು ಪಾಸಾಗದಿದ್ದರೆ ಸ್ಟೇರಿಂಗ್ ಇವರ ಕೈಗೆ ಹೋಗುತ್ತಿತ್ತು, ಮುಂದಿನ ಗೋಣೆಪ್ಪ ಉಳಿಯುತ್ತಾನೆಂಬ ನೆಚ್ಚಿಕೆ ನನಗೆ ಎಳ್ಳಷ್ಟೂ ಇರಲಿಲ್ಲ.

ಇಷ್ಟು ಸಾಲದು ಎಂಬಂತೆ ನಮ್ಮ ಅತ್ತೆ ಹಂಪವ್ವನವರೂ ಹೊರಟು ನಿಂತರು. ಹರಿಹರದಲ್ಲಿರುವ ತಂಗಿಯನ್ನು ನೋಡಬೇಕಂತೆ! ಇಡೀ ಬೇಸಿಗೆ ನಾನು ಕಾರು ಕಲಿಯಲು ಹೊರಟಾಗಲೆಲ್ಲ ಈ ಮುದುಕಿ ಬಾಗಿಲಲ್ಲಿ ಕೂತು, ಒಂದು ಮಾತೂ ಆಡದೆ, ನನ್ನ ಪಾದಗಳನ್ನೇ ನೋಡುತ್ತಿದ್ದರು. ಸೊಸೆ ಕಾರು ಓಡಿಸುವುದು ಇವರಿಗೆ ಕಣ್ಣುರಿ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಈಗ ನಾನು ಫೇಲಾಗುವುದನ್ನು ಕಣ್ಣಾರೆ ನೋಡಬೇಕಾಗಿದೆ, ನೋಡಲಿ ಎಂದುಕೊಂಡು ಹಿಂದಿನ ಬಾಗಿಲನ್ನು ಧಡ್ ಎಂದು ಹಾಕಿದೆ.

ಊರು ದಾಟುವುದರೊಳಗೆ ಬೆವರಿ ತೊಪ್ಪೆಯಾದೆ. ರೈಲ್ವೆ ಗೇಟಿನ ಹತ್ತಿರ ಎತ್ತಿನ ಗಾಡಿಗಳ ಹಿಂದೆ ನಿಲ್ಲಬೇಕಾಯಿತು. ಗೇಟು ತೆಗೆದಾಗ ಕಾಲು ಎತ್ತಿದೆ, ಗಾಡಿ ಕುಪ್ಪಳಿಸಿ ನಿಂತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಗಡಗಡ. ಹಿಂದಿದ್ದ ಜಟಕಾದವನು, "ಏನ್ರಿ ಸಾವ್ಕಾರ್ರೆ, ಕಾರಿಗೆ ಕುದ್ರಿ ಕಟ್ಲೇನು?" ಎಂದು ಕೂಗಿದ. ನಾಲ್ಕು ಜನ ನಕ್ಕರು.

"ಕಾಲು ಎತ್ತೇ!" ಎಂದರು ಪಕ್ಕದಲ್ಲಿ ಕೂತಿದ್ದ ಇವರು.

ಎತ್ತಿದೆ. ಗಾಡಿ ಜಿಗಿಯಿತು.

"ಅಷ್ಟು ಎತ್ತಬ್ಯಾಡ್ವೇ!"

"ಎತ್ತು ಅಂದೋರು ನೀವೇ, ಬ್ಯಾಡ ಅಂದೋರೂ ನೀವೇ. ಮೊದಲು ಒಂದು ಮಾತಿನ ಮ್ಯಾಲೆ ನಿಲ್ರಿ," ಎಂದೆ. ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತು. ಆದರೆ ಒಳಗೊಳಗೆ ಜೀವ ಹಿಡಿಯಷ್ಟಾಗಿತ್ತು. ಕ್ಲಚ್ಚು ಸರಿಯಾಗಿದೆ ಎಂದು ರೌಫ್ ಹೇಳುತ್ತಾನೆ, ಇವರೂ ಹೇಳುತ್ತಾರೆ. ಹಾಗಾದರೆ ಕೆಟ್ಟಿರುವುದು ನನ್ನ ಕಾಲೇ ಇರಬೇಕು. ಬೇಸಿಗೆಯಿಡೀ ಕಲಿತದ್ದು ನೀರಿನಲ್ಲಿ ಹೋಮವಾಯಿತು ಎಂದು ಅನಿಸಿ ಕಣ್ಣು ಹನಿಗೂಡಿತು.

ಪೂನಾ ರಸ್ತೆಗೆ ಬಿದ್ದ ಮೇಲೆ ಸ್ವಲ್ಪ ಹಾಯೆನಿಸಿತು. ಓಡುವ ಗಾಡಿಗೆ ಕ್ಲಚ್ಚಿನ ಹಂಗು ಕಡಿಮೆ. ಆದರೆ ಪ್ರತಿ ಸಲ ಗೇರು ಬದಲಿಸುವಾಗಲೂ ಎಂಜಿನ್ನು ಸುಮ್ಮನೆ ಬೊಬ್ಬೆ ಹಾಕಿ, ಆಮೇಲೆ ಗಾಡಿ ಹಿಡಿಯುತ್ತಿತ್ತು. ಮೊದಲು ನಡುಗುತ್ತಿದ್ದದ್ದು ಈಗ ಜಾರಲು ಶುರುವಾಗಿತ್ತು. ಜೊತೆಗೆ ಒಂದು ವಾಸನೆ. ಸುಟ್ಟ ರಬ್ಬರಿನದಲ್ಲ, ಪೆಟ್ರೋಲಿನದಲ್ಲ.

"ತುಪ್ಪದ ವಾಸನಿ ಬರ್ತೈತಲ್ರೀ?" ಎಂದೆ.

"ಯಾವುದೋ ಖಾನಾವಳಿದು ಇರಬೇಕು. ರಸ್ತೆ ನೋಡು."

ಆ ಕಡೆ ಈ ಕಡೆ ಬರೀ ಜೋಳದ ಹೊಲ. ಜೋಳದ ಹೊಲದಲ್ಲಿ ಯಾರು ಖಾನಾವಳಿ ಇಡುತ್ತಾರೆ? ಅಷ್ಟೇ ಅಲ್ಲ, ಅದು ಯಾರದೋ ತುಪ್ಪವೂ ಅಲ್ಲ. ನಮ್ಮ ಮನೆಯಲ್ಲಿ ಬೆಣ್ಣೆ ಕಾಯಿಸುವಾಗ ಅತ್ತೆ ವೀಳ್ಯದೆಲೆ ಹಾಕುತ್ತಾರೆ. ಆ ಎಲೆಯ ಕಮಟು ಕೂಡ ಬರುತ್ತಿತ್ತು. ಕನ್ನಡಿಯಲ್ಲಿ ಹಿಂದೆ ನೋಡಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಕಿಟಕಿಯ ಹೊರಗೆ ಮುಖ ಮಾಡಿ ಕೂತಿದ್ದರು. ಕೂತಲ್ಲಿ ಕೂರಲಾಗದೆ ಅತ್ತಿಂದಿತ್ತ ಸರಿಯುತ್ತಿದ್ದರು. ತಲೆ ತಿರುಗುತ್ತಿರಬೇಕು ಎಂದುಕೊಂಡೆ.

ಹರಿಹರದ ಪ್ರವಾಸಿ ಬಂಗಲೆಯಲ್ಲಿ ಮೋಟಾರು ಇನ್ಸ್‌ಪೆಕ್ಟರ್ ಕ್ಯಾಂಪ್ ಹಾಕಿದ್ದರು. ಕನ್ನಡಕ, ಖಾಕಿ ಟೋಪಿ, ಬಾಯಲ್ಲಿ ಅಡಿಕೆ. ನನ್ನನ್ನು ನೋಡಿ, "ಹೆಸರು ಹೆಣ್ಣುಮಕ್ಕಳದು ಅಂತ ನೋಡಿದ್ದೆ, ಕ್ಲಾರ್ಕು ತಪ್ಪು ಬರೆದಾನೆ ಅಂದ್ಕೊಂಡಿದ್ದೆ," ಎಂದರು. ಮೈಯೆಲ್ಲ ಉರಿಯಿತು. ಆದರೆ ಸಹಿ ಹಾಕುವ ಕೈ ಅವರದು, ಸುಮ್ಮನಿದ್ದೆ. ಇವರೂ ಅತ್ತೆಯೂ ಇಳಿದು ಬೇವಿನ ಮರದ ಕೆಳಗೆ ನಿಂತರು. ಇನ್ಸ್‌ಪೆಕ್ಟರು ನನ್ನ ಪಕ್ಕಕ್ಕೆ ಬಂದು ಕೂತರು.

ಬಂಗಲೆಯ ಸುತ್ತ ಒಂದು ಸುತ್ತು ಹೊಡೆಸಿದರು, ಆಯಿತು. ಹಿಂದಕ್ಕೆ ತೆಗೆಸಿದರು, ಹೇಗೋ ಆಯಿತು. ಆಮೇಲೆ ಹೊಳೆಯ ಕಡೆಗೆ ಇಳಿಸಿ, ತಿರುಗಿಸಿ, ಏರಿನ ನಡುವೆ ನಿಲ್ಲಿಸಲು ಹೇಳಿದರು.

"ಈಗ ಹಿಂದಕ್ಕೆ ಜಾರದಂಗೆ ಹತ್ತಸ್ರಿ."

ಎಡಗಾಲು ಮೆಲ್ಲಗೆ ಎತ್ತಿದೆ. ಅಂಗಾಲಿಗೆ ಏನೂ ತಿಳಿಯಲಿಲ್ಲ. ಇನ್ನೂ ಎತ್ತಿದೆ. ಎಂಜಿನ್ನು ಕೂಗಿತು, ಗಾಡಿ ಒಂದಡಿ ಹಿಂದಕ್ಕೆ ಜಾರಿತು. ಬ್ರೇಕು ಒತ್ತಿದೆ. ಮತ್ತೆ ಎತ್ತಿದೆ. ಗಡಗಡ ನಡುಗಿ ನಿಂತುಹೋಯಿತು. ಮೂರನೆಯ ಸಲ ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹೊಗೆ ಬಂತು. ಇನ್ಸ್‌ಪೆಕ್ಟರು ಮೂಗರಳಿಸಿದರು.

"ಏನ್ರಿ ಇದು, ಗಾಡ್ಯಾಗ ಹೋಳಿಗಿ ಬೇಯಿಸ್ತಿದೀರೇನು?"

ಆಗ ನೋಡಬೇಕಿತ್ತು ನಮ್ಮ ಅತ್ತೆಯನ್ನು! ಬೇವಿನ ಮರದ ಕೆಳಗಿನಿಂದ ಸೀರೆ ಎತ್ತಿ ಹಿಡಿದುಕೊಂಡು ಏರಿನಲ್ಲಿ ದಡದಡ ಇಳಿದು ಬಂದರು. ಪರ ಗಂಡಸರ ಮುಂದೆ ಬಾಗಿಲ ಮರೆಯಲ್ಲೇ ನಿಂತು ಮಾತಾಡುವ ಹೆಂಗಸು, ಆವತ್ತು ಇನ್ಸ್‌ಪೆಕ್ಟರ ಕಿಟಕಿಗೇ ಕೈಯಿಟ್ಟು ನಿಂತರು.

"ಸಾಹೇಬ್ರೆ, ಆಕಿ ಕಾಲಿಂದೇನೂ ತಪ್ಪಿಲ್ರಿ. ನಾನು ತುಪ್ಪ ಹಚ್ಚೀನಿ."

"ಯಾತಕ್ಕೆ ಹಚ್ಚಿದ್ರಿ?"

"ಆ ತಟ್ಟಿಗೆ. ಹೊಸಾ ತಟ್ಟಿಗೆ."

ನಮ್ಮ ಮನೆಯಲ್ಲಿ ಹೊಸದಾಗಿ ಏನು ಬಂದರೂ ಮೊದಲು ದೇವರ ಜಗುಲಿಗೆ. ತಕ್ಕಡಿ ಬಂದರೂ ಅಷ್ಟೇ, ಬಾವಿಯ ಗಡಗಡೆ ಬಂದರೂ ಅಷ್ಟೇ; ಒಂದು ರಾತ್ರಿ ದೇವರ ಮುಂದಿಟ್ಟು, ಮೂರು ಬೆರಳಿನಿಂದ ವಿಭೂತಿ ಎಳೆದು, ಆಮೇಲೆ ಬಳಸುವುದು. ಕ್ಲಚ್ಚಿನ ಪ್ಲೇಟಿನ ಡಬ್ಬ ಮನೆಗೆ ಬಂದಾಗ ಇವರು ಹತ್ತಿ ಮಂಡಿಯಲ್ಲಿದ್ದರು, ನಾನೂ ಮನೆಯಲ್ಲಿರಲಿಲ್ಲ. ಅತ್ತೆ ಡಬ್ಬ ಬಿಚ್ಚಿದ್ದಾರೆ. ಒಣ ವಿಭೂತಿ ಅಂಟಲಿಲ್ಲ. ನೀರು ಹಚ್ಚಿದರೆ ಕಬ್ಬಿಣಕ್ಕೆ ತುಕ್ಕು ಬರುತ್ತದೆಂದು, ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಾರಲ್ಲ ಎಂದು, ತುಪ್ಪದಲ್ಲಿ ಕಲಸಿ ಎರಡೂ ಮಗ್ಗುಲಿಗೆ ಹಚ್ಚಿದ್ದಾರೆ. ಹೊರಗೆ ಕಾಣದ ಹಾಗೆ ಒರೆಸಿ ಮತ್ತೆ ಡಬ್ಬದಲ್ಲಿಟ್ಟಿದ್ದಾರೆ. ಪ್ಲೇಟು ಹೀರಬೇಕಾದಷ್ಟು ಹೀರಿಕೊಂಡಿತ್ತು. ಜಿಡ್ಡು ತಾಗಿದರೆ ಕ್ಲಚ್ಚಿನ ಹಿಡಿತ ತಪ್ಪುತ್ತದೆಂದು ಅವರಿಗೇನು ಗೊತ್ತು?

ಇನ್ಸ್‌ಪೆಕ್ಟರು ನಕ್ಕರು. ಕೆಳಗಿಳಿದು ಬಂದು ನನ್ನ ಜಾಗದಲ್ಲಿ ಕೂತು ತಾವೇ ಒಂದು ಸಲ ಏರು ಹತ್ತಿಸಲು ನೋಡಿದರು. ಗಾಡಿ ಅವರ ಕಾಲಿಗೂ ಗಡಗಡ ನಡುಗಿ ಹಿಂದಕ್ಕೆ ಜಾರಿತು.

"ನನ್ನ ಕಾಲಿಗೂ ಹಂಗೇ ಮಾಡ್ತೈತೆ," ಎಂದರು.

ಅಬ್ಬಾ, ಆ ಒಂದು ಮಾತಿಗೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಕ್ಲಾರ್ಕಿನ ತಪ್ಪು ಎಂದಿದ್ದ ಅವರ ಮಾತನ್ನೂ ಕ್ಷಮಿಸಿಬಿಟ್ಟೆ. ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

"ಆದ್ರೂ ಏರು ಹತ್ತದ ಗಾಡ್ಯಾಗ ಪಾಸ್ ಹೆಂಗೆ ಮಾಡ್ಲಿ ಅಮ್ಮಾ? ರಿಪೇರಿ ಮಾಡಿಸ್ಕೊಂಡು ಮುಂದಿನ ಕ್ಯಾಂಪಿಗೆ ಬರ್ರಿ," ಎಂದು ಅವರು ಬಂಗಲೆಯ ಕಡೆ ನಡೆದರು.

ಇವರು ಅಷ್ಟರಲ್ಲಿ ಇಳಿದು ಬಂದಿದ್ದರು. ಕೀಲಿಗೆ ಕೈ ಚಾಚಿದರು.

"ಕ್ಲಚ್ಚಿನ ತಪ್ಪಿಗೆ ನನ್ನನ್ನ ಯಾಕ ಫೇಲ್ ಮಾಡ್ತೀರಿ?" ಎಂದೆ.

"ಮಾತು ಮಾತೇ. ಒಂದೇ ಸಲ ಅಂದಿದ್ದೆ. ಕೀಲಿ ಕೊಡು."

ಕೊಟ್ಟೆ. ಗೋಣೆಪ್ಪನ ಎತ್ತುಗಳು ಕಣ್ಣ ಮುಂದೆ ಬಂದವು. ಅದೇ ರಸ್ತೆ, ಅದೇ ಎತ್ತಿನ ಗಾಡಿಗಳು, ಆವತ್ತು ಸಂತೆಯ ದಿನ ಬೇರೆ. ಇವರು ಸ್ಟೇರಿಂಗಿನ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತು, ಬಾಗಿಲ ಹಿಡಿಯನ್ನು ಬಲವಾಗಿ ಹಿಡಿದುಕೊಂಡೆ. ಇವರು ಎಂಜಿನ್ನು ಚಾಲೂ ಮಾಡಿ ಗೇರು ಹಾಕಿದರು.

"ಅವ್ವ ಹತ್ತಿದ್ಲೇನು? ಬಾಗ್ಲ ಹಾಕ್ಕೋ ಅನ್ನು, ಹೊರಡಾಣ."

ನಾನು ಹಿಂದಕ್ಕೆ ತಿರುಗಿದೆ. ಸೀಟು ಖಾಲಿ. ಮತ್ತೆ ಮುಂದಕ್ಕೆ ತಿರುಗಿದೆ. ಅತ್ತೆ ಕಾರಿನ ಮುಂದೆ, ಎಡಗಡೆಯ ದೀಪದ ಎದುರಿಗೆ, ಬಾನೆಟ್ಟಿನಿಂದ ಕೈಯಳತೆಯಲ್ಲಿ ನಿಂತಿದ್ದರು. ನಡುಹಗಲು. ಕೆಂಪು ಇಳಕಲ್ ಸೀರೆ. ಸೆರಗು ಗಾಳಿಗೆ ಬಾನೆಟ್ಟಿನ ಮೇಲೆಯೇ ಹಾರಿ ಬೀಳುತ್ತಿತ್ತು. ಅವರು ಮಗನ ಮುಖವನ್ನೇ ನೋಡುತ್ತಿದ್ದರು.

"ಹತ್ತಿದ್ಲೇನು ಅಂತ ಕೇಳಿದೆ," ಎಂದರು ಇವರು. ಎಡಗಾಲು ಪೆಡಲಿನಿಂದ ಏಳುತ್ತಿತ್ತು.

"ಕಾಲು ಎತ್ತಬ್ಯಾಡ್ರಿ!" ಎಂದು ಚೀರಿದೆ. "ಅವ್ವ ಮುಂದ ನಿಂತಾರ. ಕಾರಿನ ಎದುರಿಗೇ ನಿಂತಾರ."

ಇವರು ಕತ್ತು ತಿರುಗಿಸಿ ಹುಡುಕಿದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಸೀರೆಯ ಕೆಂಪು ಕಣ್ಣಿಗೆ ಬಿತ್ತೆಂದು ಕಾಣುತ್ತದೆ, ಮುಖ ಬಿಳಿಚಿಕೊಂಡಿತು. ಕೈ ನೀಡಿ ಎಂಜಿನ್ನು ಆರಿಸಿದರು.

ಅತ್ತೆ ನಿಧಾನವಾಗಿ ಕಿಟಕಿಯ ಹತ್ತಿರ ಬಂದರು. ಸಿಟ್ಟಿಲ್ಲ, ಅಳುವಿಲ್ಲ.

"ಗ್ವಾಡಿ ತಾಗಿತು ಅಂತ ಇಬ್ರೂ ಕೂಡಿ ಹೇಳಿದ್ರಿ. ಆ ಬಾಗ್ಲಿಗೆ ಎತ್ತಿನ ಕೂದ್ಲು ಅಂಟಿತ್ತಲ್ಲೋ ಪರಮೇಶಿ. ಜನ ನೋಡ್ಬಾರ್ದು ಅಂತ ನಾನೇ ಒದ್ದಿ ಅರಿವಿ ತಗಂಡು ಒರೆಸಿದೆ. ಎಲಿ ಮ್ಯಾಲೆ ಉಪ್ಪು ಹುಡುಕ್ತೀಯ ಅಂತ ದಿನಾ ನಿನ್ನ ಬೆರಳಿನ ಬುಡಕ್ಕೇ ಬಡಿಸ್ತೀನಿ. ನಾ ಏನು ಕುರ್ಡಿಯೇನು?"

ಇವರು ತಲೆ ತಗ್ಗಿಸಿದರು.

"ನಿನ್ನ ಕೈಗೆ ಗಾಡಿ ಬರಬಾರದು, ಈಕಿ ಕಾಲು ಗಟ್ಟಿ ಮಾಡಪ್ಪಾ ಶಿವನೇ ಅಂತ ಬೇಡ್ಕಂಡು ಆ ತುಪ್ಪ ಹಚ್ಚಿದೆ. ಅದೇ ಈಕಿ ಕಾಲು ಕೆಡಿಸ್ತು. ನಂದು ತಪ್ಪಾತು. ನನ್ನ ತಪ್ಪಿಗೆ ಆಕೀನ ಇಳಿಸಬ್ಯಾಡ."

ಬೇಸಿಗೆಯಿಡೀ ಬಾಗಿಲಲ್ಲಿ ಕೂತು ನನ್ನ ಪಾದ ನೋಡುತ್ತಿದ್ದ ಮುದುಕಿಯನ್ನು ನಾನು ಎಷ್ಟು ಬೈದುಕೊಂಡಿದ್ದೆ! ಮನೆಯಲ್ಲಿ ಈ ಭಯ ನನ್ನೊಬ್ಬಳದೇ ಎಂದುಕೊಂಡು ತಿಂಗಳುಗಟ್ಟಲೆ ನಿದ್ದೆ ಕೆಡಿಸಿಕೊಂಡಿದ್ದೆ. ಗೋಡೆಯ ಆಚೆ ಮಗ್ಗುಲಿನಲ್ಲಿ ಅವರೂ ನಿದ್ದೆ ಕೆಡಿಸಿಕೊಂಡೇ ಇದ್ದರು.

ಇವರು ಸ್ಟೇರಿಂಗಿನಿಂದ ಎರಡೂ ಕೈ ತೆಗೆದರು. ಬಾಗಿಲು ತೆಗೆಯಲಿಲ್ಲ, ಕೆಳಗಿಳಿಯಲಿಲ್ಲ. ನನ್ನ ಕಡೆಗೆ ನೋಡದೆ, "ಇಳಿದು ಈ ಕಡೀಂದ ಬಾ," ಎಂದರು. ನಾನು ಇಳಿದೆ. ಆ ಉದ್ದನೆಯ ಸೀಟಿನ ಮೇಲೆ ಇವರು ಮೆಲ್ಲಗೆ ಎಡಕ್ಕೆ ಸರಿದರು. ಕೀಲಿ ಅಲ್ಲೇ ಇತ್ತು.

ನಾನು ಬಂದು ಕೂತೆ. ಅತ್ತೆ ಹಿಂದೆ ಹತ್ತಿದರು, ತಂಗಿಯ ಮನೆಯ ಮಾತೇ ಎತ್ತಲಿಲ್ಲ. ಮುಂದೆಯೂ ಹಿಂದೆಯೂ ಎಲ್ ಬೋರ್ಡು ಹಾಗೇ ನೇತಾಡುತ್ತಿತ್ತು.

ಆ ಏರು ಹತ್ತಿಸಲು ಇಬ್ಬರು ಕೂಲಿಯವರು ಹಿಂದಿನಿಂದ ನೂಕಬೇಕಾಯಿತು, ಅದನ್ನು ಮುಚ್ಚಿಡುವುದೇಕೆ? ರಸ್ತೆಗೆ ಬಂದ ಮೇಲೂ ಒಂದಿಷ್ಟು ದೂರ ಗಾಡಿ ಜಾರುತ್ತಲೇ ಇತ್ತು, ತುಪ್ಪ ಹೊಗೆಯಾಡುತ್ತಲೇ ಇತ್ತು. ಎದುರಿಗೆ ಸಂತೆಯ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರತಿ ಗಾಡಿ ದಾಟುವಾಗಲೂ ನನಗೆ ಪಕ್ಕಕ್ಕೆ ತಿರುಗಿ ಇವರನ್ನು ನೋಡುವ ಆಸೆ. ನೋಡಲಿಲ್ಲ.

ದಾವಣಗೆರೆಯ ರೈಲ್ವೆ ಗೇಟು ಹಾಕಿತ್ತು. ಬೆಳಿಗ್ಗೆ ನಗೆಪಾಟಲಾದ ಜಾಗ. ಹಳಿಗೆ ಹತ್ತುವ ಸಣ್ಣ ಏರಿನಲ್ಲೇ ನಿಲ್ಲಬೇಕಾಯಿತು. ಹಿಂದೆ ಜಟಕಾಗಳು, ಸೈಕಲ್ಲುಗಳು, ಮಿಲ್ಲಿನಿಂದ ಬಿಟ್ಟ ಜನ. ರೈಲು ಹೋಯಿತು, ಗೇಟು ಎದ್ದಿತು. ಎಡಗಾಲು ಪೆಡಲಿನ ಮೇಲಿತ್ತು, ಎತ್ತಲು ಧೈರ್ಯ ಬರಲಿಲ್ಲ.

"ಎತ್ತು," ಎಂದರು ಇವರು. ಬೆಳಗಿನ ಗದರಿಕೆ ಇರಲಿಲ್ಲ. ಕಡೆಗಣ್ಣಿನಿಂದ ನೋಡಿದೆ. ಇವರು ಕಣ್ಣು ಮುಚ್ಚಿಕೊಂಡು, ಎರಡೂ ಅಂಗೈಯನ್ನು ಸೀಟಿನ ಮೇಲೆ ಊರಿ ಕೂತಿದ್ದರು.

"ಎತ್ತು... ಇನ್ನಾ ಚೂರು... ಅವಸರ ಬ್ಯಾಡ. ಈಗ ಹಿಡೀತೈತೆ ನೋಡು... ಹೂಂ, ಹಿಡೀತು."

ಅಂಗಾಲಿಗೆ ಅದು ತಿಳಿದದ್ದು ಅವರ ಮಾತು ಮುಗಿಯುವ ಮೊದಲೇ. ನಡುಕವಿಲ್ಲ, ಜಾರಾಟವಿಲ್ಲ. ಪೆಡಲು ಕಾಲನ್ನು ಒಂದಿಷ್ಟು ತಡೆದು ಹಿಡಿದು, ಆಮೇಲೆ ಬಿಟ್ಟುಕೊಟ್ಟಿತು. ಗಾಡಿ ಹಳಿ ದಾಟಿತು.

"ತುಪ್ಪ ತೀರಿತೇನು?" ಎಂದರು ಹಿಂದಿನಿಂದ ಅತ್ತೆ.

"ತೀರಿತವ್ವಾ," ಎಂದರು ಇವರು, ಕಣ್ಣು ತೆರೆಯದೆ.

ನನಗೆ ಕೂತಲ್ಲೇ ಗಳಗಳ ಅತ್ತುಬಿಡಬೇಕು ಎನಿಸಿತು. ಅಳಲಿಲ್ಲ. ಆ ಗಾಡಿಯಲ್ಲಿ ರಸ್ತೆ ನೋಡುವವಳು ನಾನೊಬ್ಬಳೇ ಇದ್ದೆ.